ಬೇಯದ ಮೂಲೆ

ಮಾರ್ಚ್ ೩, ಸೋಮವಾರ

ಅಕ್ಷರ ಸೊಟ್ಟಗೆ ಬೀಳುತ್ತಿದೆ. ಬೀಳಲಿ. ಓದುವವಳು ನಾನೊಬ್ಬಳೇ.

ಊಟದ ಬದಲು ಪ್ಲಾಸ್ಟಿಕ್ ಪೌಚ್‌ಗೆ ತುಂಬಿ ಬೇಯಿಸಿದ ಪರೀಕ್ಷೆಯ ಜೆಲ್ ಬೆಳಿಗ್ಗೆ ಯಂತ್ರದಿಂದ ಹೊರಬಂತು. ಅದನ್ನು ಚಾಕುವಿನಿಂದ ಸೀಳಿ ಬಿಳಿ ತಟ್ಟೆಯ ಮೇಲಿಟ್ಟೆ. ಬೆಂದ ಕಡೆಯೆಲ್ಲ ಕಂದು ಬಣ್ಣ ಬರಬೇಕು, ಆ ಜೆಲ್ ಮಾಡುವುದೇ ಅದಕ್ಕೆ. ಬಂದಿತ್ತು. ಆದರೆ ಬಲಗಡೆ ಮೇಲಿನ ಮೂಲೆಯಲ್ಲಿ ಹೆಬ್ಬೆರಳಗಲದ ಜಾಗ ಹಾಲಿನ ಕೆನೆಯ ಬಣ್ಣದಲ್ಲೇ ಉಳಿದಿತ್ತು. ಟ್ಯೂಬ್‌ಲೈಟಿನ ಬೆಳಕು ಬಿದ್ದಿದೆ ಅಂದುಕೊಂಡು ತಟ್ಟೆ ತಿರುಗಿಸಿದೆ. ಬಿಳುಪೂ ಜೊತೆಗೇ ತಿರುಗಿತು.

ಬರೆದು ನೋಡಿದರೆ ತಲೆಗೆ ಹತ್ತೀತು ಅಂತ ಮೊದಲಿನಿಂದ ಬರೆಯುತ್ತೇನೆ. ನಮ್ಮ ಯಂತ್ರದಲ್ಲಿ ನಾಲ್ಕು ಆಂಟೆನಾಗಳಿವೆ. ಬಿಸಿನೀರಿನಲ್ಲಿ ಸಾಗುವ ಪೌಚ್‌ಗಳ ಮೇಲೆ ಅವು ಮೈಕ್ರೋವೇವ್ ಸುರಿಯುತ್ತವೆ. ಒಳಗಿನ ಅರೆದ ಊಟ ನೂರ ಇಪ್ಪತ್ತೊಂದು ಡಿಗ್ರಿಯಲ್ಲಿ ಮೂರು ನಿಮಿಷ ಬೆಂದರೆ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಗಟ್ಟಿ ಊಟ ನುಂಗಲಾಗದ ರೋಗಿಗಳಿಗಾಗಿ ಈ ಸಂಶೋಧನೆ. ಪೌಚ್‌ನಲ್ಲಿ ಎಲ್ಲಕ್ಕಿಂತ ತಡವಾಗಿ ಬಿಸಿಯಾಗುವ ಜಾಗ ನಟ್ಟನಡುವೆ ಇದೆ ಎಂದು ಕಳೆದ ವರ್ಷ ಕಂಡುಹಿಡಿದವಳು ನಾನು. ಅಲ್ಲಿಗೇ ಪ್ರೋಬ್ ಚುಚ್ಚಿ ಶಾಖ ಅಳೆಯುತ್ತೇವೆ. ಅಲ್ಲಿ ಬೆಂದಿದ್ದರೆ ಎಲ್ಲ ಕಡೆ ಬೆಂದಿದೆ ಎಂದು ಲೆಕ್ಕ.

ಫೆಬ್ರವರಿ ಹತ್ತಕ್ಕೆ ಮೂರನೇ ಆಂಟೆನಾ ಬದಲಾಯಿಸಿದೆವು. ಆಮೇಲೆ ಆ ತಣ್ಣನೆ ಜಾಗ ನಡುವಿನಿಂದ ಎದ್ದು ಮೂಲೆಗೆ ಹೋಗಿ ಕೂತಿದೆ. ಪ್ರೋಬ್ ಮಾತ್ರ ನಡುವೆಯೇ ಕೂತು ಎಲ್ಲ ಸರಿ, ಎಲ್ಲ ಸರಿ ಅನ್ನುತ್ತಿದೆ.

ಬದಲಾಯಿಸಿದ ಕೂಡಲೇ ಜೆಲ್ ಪರೀಕ್ಷೆ ಮಾಡಬೇಕಿತ್ತು. ಜೆಲ್ ಸಿದ್ಧವಾಗಲು ಎರಡು ದಿನ ಬೇಕು. ಲ್ಯಾಬಿನ ಮುಖ್ಯಸ್ಥರಿಗೆ ಅವಸರವಿತ್ತು. ಅವರೆದುರು ನನಗೆ ಯಾವತ್ತು ಬಾಯಿ ಬಂದಿದೆ? 'ತಣ್ಣನೆ ಜಾಗ ಪರಿಶೀಲಿಸಲಾಗಿದೆ' ಎಂಬ ಸಾಲಿನ ಮುಂದೆ ಸಹಿ ಹಾಕಿಬಿಟ್ಟೆ. ಆಮೇಲೆ ಮೂರು ಬ್ಯಾಚ್ ಆಗಿವೆ. ಪುನಶ್ಚೇತನ ಆಸ್ಪತ್ರೆಯ ವಾರ್ಡಿಗೆ ಅರವತ್ತು ಪೌಚ್ ಹೋಗಿವೆ. ನಮ್ಮ ಮನೆಗೆ ಒಂಬತ್ತು.

ಮನೆಗೆ ತಂದದ್ದು ಅಪ್ಪನಿಗೆ. ಕಳೆದ ಜುಲೈನಲ್ಲಿ ಪಾರ್ಶ್ವವಾಯು ಹೊಡೆದಾಗಿನಿಂದ ಅಪ್ಪ ಅರೆದದ್ದನ್ನು ಬಿಟ್ಟು ಬೇರೇನೂ ನುಂಗಲಾರ. ಏಳು ಪೌಚ್ ತಿಂದಿದ್ದಾನೆ. ಕೊನೆಯದು ನಿನ್ನೆ ಮಧ್ಯಾಹ್ನ. ನಾನೇ ಚಮಚದಲ್ಲಿ ತಿನ್ನಿಸಿದೆ. ದಂಡವಾಗಬಾರದು ಅಂತ ಮೂಲೆಯಲ್ಲಿ ಅಂಟಿಕೊಂಡಿದ್ದನ್ನೂ ಹಿಂಡಿ ಹಿಂಡಿ ತೆಗೆದೆ.

ಅರೆಬೆಂದ ಪೌಚ್‌ನಲ್ಲಿ ಯಾವ ಜೀವಿ ಉಳಿಯಬಹುದೆಂದು ನನಗೆ ಚೆನ್ನಾಗಿ ಗೊತ್ತು. ಅದರ ವಿಷಕ್ಕೆ ರುಚಿಯಿಲ್ಲ. ತಿಂದವರ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಆಮೇಲೆ ಉಸಿರು ನಿಲ್ಲುತ್ತದೆ. ಹತ್ತು ದಿನದವರೆಗೂ ಯಾವಾಗ ಬೇಕಾದರೂ ಶುರುವಾಗಬಹುದು. ಅಪ್ಪನಿಗೆ ಎಂಟು ತಿಂಗಳಿನಿಂದ ಎಡಗಣ್ಣಿನ ರೆಪ್ಪೆ ಜೋತಿದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ. ವಿಷ ಏರಿದರೂ ನನಗೆ ಗೊತ್ತಾಗುವುದಾದರೂ ಹೇಗೆ?

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ವಾರ್ಡಿಗೆ ಫೋನ್ ಮಾಡಿದೆ.

"ನಮ್ಮ ಪೌಚ್ ಎಷ್ಟು ಉಳಿದಿದೆ ಸಿಸ್ಟರ್?"

"ಇಪ್ಪತ್ತೈದಿದೆ ಮೇಡಂ. ನಾಳೆ ಮಧ್ಯಾಹ್ನಕ್ಕೂ ಅದೇ. ಯಾಕೆ, ಇನ್ನೂ ಕಳಿಸ್ತೀರಾ?"

"ಇಲ್ಲ, ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿದೆನಂತೆ! ಇನ್ನೊಂದು ಜೆಲ್ ಕಟ್ಟಲು ಇಟ್ಟಿದ್ದೇನೆ. ಬುಧವಾರ ಅದನ್ನೂ ನೋಡಿ, ಖಾತ್ರಿ ಮಾಡಿಕೊಂಡು, ಆಮೇಲೆ ಹೇಳಿದರಾಯಿತು. ಹಾಗಂತ ಬೆಳಗಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಎದ್ದವಳೇ ಅಪ್ಪನ ಮುಖದ ಮುಂದೆ ಕೂತೆ.

"ಅಪ್ಪ, ಒಂದು ಮಾತು ಹೇಳು."

"ಏ...ನು?"

"ಏನಾದ್ರೂ. ಉದ್ದಕ್ಕೆ ಹೇಳು."

ಅಪ್ಪ ಬಹಳ ಹೊತ್ತು ಯೋಚಿಸಿ, "ನಿನ್... ಚಹಾ... ಚೆನ್ನಾಗಿರಲ್ಲ" ಅಂದ. ತೊದಲು ನಿನ್ನೆಯಷ್ಟೇ ಇದೆ ಅನ್ನಿಸಿತು. ಫೋನಿನಲ್ಲಿ ರೆಪ್ಪೆಯ ಫೋಟೋ ತೆಗೆದುಕೊಂಡೆ. ಯಾಕೆ ಎಂದು ಹುಬ್ಬಿನಲ್ಲೇ ಕೇಳಿದ. ಚೆನ್ನಾಗಿ ಕಾಣ್ತಿದೀಯ ಅದಕ್ಕೆ ಅಂದೆ. ನಂಬಲಿಲ್ಲ. ಮೂವತ್ತೆರಡು ವರ್ಷ ಬಾಯ್ಲರ್ ಕಾದವನು, ಸದ್ದು ಬದಲಾದದ್ದು ಬೇಗ ತಿಳಿಯುತ್ತದೆ.

ಉಳಿದ ಎರಡು ಪೌಚ್ ಚೀಲಕ್ಕೆ ಹಾಕಿಕೊಂಡು ಲ್ಯಾಬಿಗೆ ಹೋಗಿ ತರಂಗಣ್ಣನಿಗೆ ಹೇಳಿಬಿಟ್ಟೆ. ಆಂಟೆನಾಗಳ ವಿನ್ಯಾಸ ಅವರದು. ಬಸ್ ಟಿಕೆಟ್ಟಿನ ಹಿಂದೆಯೂ ಅಲೆ ಬರೆಯುತ್ತಾರೆಂದು ಎಲ್ಲರೂ ಇಟ್ಟ ಹೆಸರು ಅದು. ಜೆಲ್ ನೋಡಿದವರೇ ಮೂರನೇ ಆಂಟೆನಾ ಬಿಚ್ಚಿ, ಅಲೆ ಹೊರಬರುವ ಸೀಳನ್ನು ಅಳೆದರು. ಮತ್ತೆ ಅಳೆದರು. ಇರಬೇಕಾದ ಜಾಗದಿಂದ ಮೂರು ಮಿಲಿಮೀಟರ್ ಆಚೆ ಇತ್ತು.

"ಕಂಪ್ಯೂಟರಲ್ಲಿ ಓಡಿಸಿ ಸರಿ ಇದೆ ಅಂದಿದ್ದೆನಲ್ಲ, ಅದು ನನ್ನ ಡ್ರಾಯಿಂಗ್ ಕಣಮ್ಮ. ವರ್ಕ್‌ಶಾಪಿನವರು ಮಾಡಿ ಕೊಟ್ಟಿದ್ದನ್ನ ನಾನು ಅಳೀಲೇ ಇಲ್ಲ."

ಅವರ ಮುಖ ಸುಣ್ಣವಾಗಿತ್ತು. ಆಂಟೆನಾವನ್ನು ಇದ್ದ ಹಾಗೇ ಮರಳಿ ಜೋಡಿಸಿ, ನಾಳೆ ಎರಡನೇ ಜೆಲ್ ನೋಡಿಕೊಂಡು ಇಬ್ಬರೂ ಹೋಗಿ ಸರ್‌ಗೆ ಹೇಳೋಣ ಅಂದರು. ಸರಿ ಅಂದೆ.

ಸರಿ ಅಂದವಳು ಹನ್ನೆರಡು ಗಂಟೆಗೆ ಬಸ್ಸಿನಲ್ಲಿದ್ದೆ. ಯಾಕೆ ಹತ್ತಿದೆನೋ ಗೊತ್ತಿಲ್ಲ. ಸಿಸ್ಟರ್ ಮುಂದೆ ಏನು ನೆಪ ಹೇಳಲಿ ಎಂದು ದಾರಿಯುದ್ದಕ್ಕೂ ಹುಡುಕುತ್ತಿದ್ದೆ, ಒಂದೂ ಸಿಗಲಿಲ್ಲ. ವಾರ್ಡಿನಲ್ಲಿ ಐದು ಹಾಸಿಗೆ. ಇಬ್ಬರದು ಊಟ ಮುಗಿದಿತ್ತು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿಗೆ ಸಿಸ್ಟರ್ ತಿನ್ನಿಸುತ್ತಿದ್ದರು. ಅಜ್ಜಿ ಮರಿಹಕ್ಕಿಯ ಹಾಗೆ ಬಾಯಿ ತೆರೆದು ಕಾಯುತ್ತಿದ್ದರು. ಚಮಚ ತುಟಿಯ ಹತ್ತಿರ ಹೋಗಿತ್ತು.

ನಾನು ಸಿಸ್ಟರ್ ಕೈ ಹಿಡಿದುಕೊಂಡೆ. ಚಮಚ ಅಜ್ಜಿಯ ಎದೆಯ ಮೇಲೆ ಚೆಲ್ಲಿತು.

"ಏನ್ ಮೇಡಂ ಇದು!"

"ಕೊಡ್ಬೇಡಿ ಸಿಸ್ಟರ್. ಇದು ಸರಿಯಾಗಿ ಬೆಂದಿಲ್ಲ."

"ಬೆಂದಿಲ್ಲ ಅಂದ್ರೆ? ಇಷ್ಟು ದಿನ ಕೊಟ್ಟಿದೀವಲ್ಲ?"

"ಗೊತ್ತು. ನಂಗೆ ಗೊತ್ತು."

ವಾರ್ಡಿನ ಡಾಕ್ಟರ್ ಹೊರಗೆ ಹೋಗಿದ್ದರು. ಯಾರ್ಯಾರು ತಿಂದಿದ್ದಾರೋ ಅವರೆಲ್ಲರ ಕಣ್ಣು, ಮಾತು, ಉಸಿರು ಹತ್ತು ದಿನ ಗಮನಿಸಬೇಕು ಎಂದು ಒಂದು ಚೀಟಿ ಬರೆದು, ಕೆಳಗೆ ನನ್ನ ಫೋನ್ ನಂಬರ್ ಹಾಕಿ, ಸಿಸ್ಟರ್ ಕೈಗೆ ಕೊಟ್ಟೆ. ಒಡೆಯದ ಇಪ್ಪತ್ತೆರಡು ಪೌಚ್ ತುಂಬಿಕೊಂಡು ಬಂದೆ. ಅವನ್ನೂ ಮನೆಯ ಎರಡನ್ನೂ ಸಂಜೆ ಸೂಕ್ಷ್ಮಜೀವಿ ಲ್ಯಾಬಿನ ಮೇಡಂಗೆ ಒಪ್ಪಿಸಿದೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಹತ್ತು ದಿನ ಇಡುತ್ತಾರಂತೆ. ಒಳಗೆ ಜೀವವಿದ್ದರೆ ಪೌಚ್ ಉಬ್ಬುತ್ತದೆ.

ಇದನ್ನು ಧೈರ್ಯ ಅಂತ ನಾನೇ ತಪ್ಪು ತಿಳಿಯಬಾರದು. ಮೊದಲೇ ಹೇಳಿದ್ದರೆ ಆ ಇಬ್ಬರು ಇವತ್ತು ತಿನ್ನುತ್ತಿರಲಿಲ್ಲ.

ಮಾರ್ಚ್ ೫, ಬುಧವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆ ಐದೂವರೆ.

ಎರಡನೇ ಜೆಲ್‌ನಲ್ಲೂ ಅದೇ ಮೂಲೆ, ಅದೇ ಬಿಳುಪು. ಪ್ರೋಬ್ ಅನ್ನು ಅಲ್ಲಿಗೇ ಚುಚ್ಚಿ ನೋಡಿದೆವು. ನೂರ ಮೂರು ಡಿಗ್ರಿ. ಮುಖ್ಯಸ್ಥರಿಗೆ ಅಷ್ಟು ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಹೋಗಿತ್ತು. ನನ್ನನ್ನು ಒಬ್ಬಳನ್ನೇ ಕರೆದರು.

"ಯಾರನ್ನ ಕೇಳಿ ಹೋದ್ರಿ ನೀವು?"

ನಾನು ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತ ನಿಂತೆ.

"ಹತ್ತು ವರ್ಷದ ಕೆಲಸ ಇದು. ಒಬ್ಬರಿಗೂ ಏನೂ ಆಗಿಲ್ಲ. ಅಷ್ಟರಲ್ಲಿ ವಿಷ, ಉಸಿರು ಅಂತ ಚೀಟಿ ಬರೆದು ಬಂದಿದೀರಲ್ಲ, ಜನ ಹೆದರಲ್ವಾ?"

ಲೇಬಲ್ ತಪ್ಪಿದ್ದರಿಂದ ಪೌಚ್ ಹಿಂಪಡೆಯಲಾಗಿದೆ, ಚೀಟಿಯಲ್ಲಿ ಬರೆದದ್ದನ್ನು ಪರಿಗಣಿಸಬೇಕಾಗಿಲ್ಲ ಎಂದು ಒಂದು ಪತ್ರ ಟೈಪ್ ಮಾಡಿಸಿಟ್ಟಿದ್ದರು. ಕೆಳಗೆ ನನ್ನ ಸಹಿಗೆ ಜಾಗ. ಪೆನ್ನನ್ನೂ ಅವರೇ ಚಾಚಿದರು. ಪತ್ರ ತೆಗೆದುಕೊಂಡೆ, ಪೆನ್ನು ತೆಗೆದುಕೊಳ್ಳಲಿಲ್ಲ. ಓದಿ ಕೊಡ್ತೀನಿ ಸರ್ ಅಂದೆ. ಹೊರಗೆ ಬಂದು ಅದನ್ನು ಓದಲು ಮೆಟ್ಟಿಲ ಮೇಲೆ ಕೂತೆ.

ಅಲ್ಲಿ ಕೂತಿದ್ದಾಗಲೇ ಅಪ್ಪನನ್ನು ನೋಡಿಕೊಳ್ಳುವ ಆಯಾ ಫೋನ್ ಮಾಡಿದರು.

"ಅಕ್ಕಾ, ಬೇಗ ಬನ್ನಿ. ನೀರೂ ಒಳಗೆ ಹೋಗ್ತಿಲ್ಲ. ಕೆಮ್ಮಿ ಕೆಮ್ಮಿ ಮುಖ ನೀಲಿ ಆಗ್ತಿದೆ."

ತುರ್ತು ವಿಭಾಗದಲ್ಲಿ ಡಾಕ್ಟರಮ್ಮ ಕೇಳಿದರು, "ಇದು ಹೊಸದಾ, ಮೊದಲಿಂದ್ಲೂ ಹೀಗೇನಾ?"

"ಗೊತ್ತಾಗ್ತಿಲ್ಲ ಡಾಕ್ಟರ್."

"ಡಬ್ಬಿಯದು, ಪ್ಯಾಕೆಟ್ಟಿಂದು ಏನಾದ್ರೂ ತಿಂದಿದ್ರಾ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇದನ್ನು ಇಲ್ಲಿ ಬರೆದಿಡಬೇಕು. ಅಪ್ಪ ಉಸಿರಿಗೆ ಒದ್ದಾಡುತ್ತಿದ್ದ, ನಾನು ಸುಳ್ಳು ಹೇಳಲು ಹೊರಟಿದ್ದೆ.

"ಏಳು ಪೌಚ್ ತಿಂದಿದ್ದಾರೆ. ನಾನೇ ಮಾಡಿದ್ದು. ಸರಿಯಾಗಿ ಬೆಂದಿಲ್ಲ. ಬೊಟುಲಿಸಂ ಇರಬಹುದು."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಎಲ್ಲರೂ ಓಡಾಡತೊಡಗಿದರು.

ಮಾರ್ಚ್ ೬

ಮೂಗಿಗೆ ಆಮ್ಲಜನಕ. ರೆಪ್ಪೆ ನಿನ್ನೆಯಷ್ಟೇ. ಫೋಟೋ ತೆಗೆದೆ. ಮೂರು ದಿನದ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ.

ಅಕ್ಕನಿಗೆ ಫೋನ್ ಮಾಡಿ ಎದೆಯ ಸೋಂಕು ಅಂದೆ. ಉಳಿದದ್ದು ಹೇಳಲಿಲ್ಲ. ವಾರ್ಡಿನ ಸಿಸ್ಟರ್‌ಗೆ ಎರಡು ಸಲ ಫೋನ್ ಮಾಡಿದೆ. ಐವರೂ ಆರಾಮಾಗಿದ್ದಾರಂತೆ. ಚೀಟಿ ಗೋಡೆಗೆ ಅಂಟಿಸಿದ್ದಾರಂತೆ.

ಮಾರ್ಚ್ ೮, ಶನಿವಾರ

ಡಾಕ್ಟರಮ್ಮ ಬೆಳಿಗ್ಗೆ ಬಂದು ಅಪ್ಪನ ಕೈಕಾಲು ಎತ್ತಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ವಿಷದ ಲಕ್ಷಣ ಕಾಣ್ತಿಲ್ಲ. ನೀರು ಶ್ವಾಸಕೋಶಕ್ಕೆ ಇಳಿದು ಸೋಂಕಾಗಿದೆ. ಪಾರ್ಶ್ವವಾಯು ಆದೋರಿಗೆ ಹೀಗಾಗತ್ತೆ. ಆದ್ರೂ ಹತ್ತು ದಿನ ತುಂಬೋವರೆಗೂ ಬಿಡಲ್ಲ" ಅಂದರು. ಅರ್ಧ ಉಸಿರು ಬಂತು.

ಅಪ್ಪ ಎಚ್ಚರವಾಗಿದ್ದ. ಏನಾಗಿದೆ ಎಂದು ಕಣ್ಣಿನಲ್ಲೇ ಕೇಳುತ್ತಿದ್ದ. ಸ್ಟೂಲ್ ಎಳೆದುಕೊಂಡು ಹತ್ತಿರ ಕೂತು ಎಲ್ಲ ಹೇಳಿದೆ. ಆಂಟೆನಾ, ಮೂಲೆ, ಸಹಿ, ಏಳು ಪೌಚ್. ಹೇಳುವಾಗ ಅವನ ಮುಖ ನೋಡಲಿಲ್ಲ, ಹೊದಿಕೆಯ ಅಂಚು ಮಡಚುತ್ತಿದ್ದೆ.

ಮಡಚುತ್ತಿದ್ದ ನನ್ನ ಕೈಯ ಮೇಲೆ ಅಪ್ಪ ತನ್ನ ಕೈ ಇಟ್ಟ.

"ಬೇರೆಯೋರು... ತಿಂದೋರು... ಅವ್ರಿಗೆ ಹೇಳಿದ್ಯಾ?"

"ಚೀಟಿ ಕೊಟ್ಟಿದೀನಿ. ಈಗ ಅದು ಸುಳ್ಳು ಅಂತ ಪತ್ರಕ್ಕೆ ಸಹಿ ಹಾಕು ಅಂತಿದಾರೆ."

"ಹಾಕಿದ್ರೆ?"

"ವಾರ್ಡಲ್ಲಿ ಯಾರೂ ಗಮನಿಸಲ್ಲ."

ಅಪ್ಪ ಕಣ್ಣು ಮುಚ್ಚಿಕೊಂಡ. ನಿದ್ದೆ ಬಂತು ಅಂದುಕೊಂಡೆ. "ಮತ್ತೆ ಇಲ್ಯಾಕೆ ಕೂತಿದೀಯ?" ಅಂದ. ಅಷ್ಟು ಸ್ಪಷ್ಟವಾಗಿ ಎಂಟು ತಿಂಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ನನಗೆ ಸಿಟ್ಟೇ ಬಂತು. ನಿನ್ನನ್ನು ಕಾಯಲು ಕೂತಿದ್ದೇನೆ ಮಾರಾಯ ಅನ್ನಬೇಕೆನ್ನಿಸಿತು.

ಕಾರಿಡಾರಿನಲ್ಲಿ ನಿಂತು ಫೋನಿನಲ್ಲೇ ಪತ್ರ ಬರೆದೆ. ನಡೆದದ್ದು ನಡೆದ ಹಾಗೆ, ಪರೀಕ್ಷೆ ಮಾಡದೆ ಸಹಿ ಹಾಕಿದವಳು ನಾನು ಎಂಬುದೂ ಸೇರಿ. ವಾರ್ಡಿನ ಡಾಕ್ಟರಿಗೆ, ನಮ್ಮ ಸಂಸ್ಥೆಯ ಸುರಕ್ಷಾ ಸಮಿತಿಗೆ, ಮುಖ್ಯಸ್ಥರಿಗೆ. ಕಳಿಸುವ ಮೊದಲು ತರಂಗಣ್ಣನಿಗೆ ಓದಿ ಹೇಳಿದೆ.

"ನನ್ನ ಹೆಸರೂ ಹಾಕು. ಅಳೀದೇ ಇದ್ದೋನು ನಾನು."

"ನಿಮ್ಮ ಕೆಲಸ ಹೋದ್ರೆ?"

"ಹೋಗುತ್ತೆ ಅಂತ್ಲೇ ನಾಲ್ಕು ದಿನದಿಂದ ಊಟ ಸೇರ್ತಿಲ್ಲ. ಹಾಕಮ್ಮ, ಅನ್ನ ಆದ್ರೂ ಇಳೀಲಿ."

ಕಳಿಸಿದೆ. ಆಮೇಲೆ ಅಪ್ಪನ ಹತ್ತಿರ ಮರಳಿ ಹೋಗಿ ಕೂತೆ.

ಮಾರ್ಚ್ ೧೨, ಬುಧವಾರ

ಹೆದರಿಕೆ ಇಳಿಯುತ್ತಿದೆ ಅಂದುಕೊಂಡಿದ್ದೆ. ಬೆಳಿಗ್ಗೆ ಸೂಕ್ಷ್ಮಜೀವಿ ಲ್ಯಾಬಿನ ಮೇಡಂ ಕರೆದರು. ಪೆಟ್ಟಿಗೆಯ ಬಾಗಿಲು ತೆಗೆದರೆ ಇಪ್ಪತ್ಮೂರು ಪೌಚ್ ಚಪ್ಪಟೆಯಾಗಿ ಮಲಗಿವೆ. ಒಂದು ಮಾತ್ರ ದಿಂಬಿನಂತೆ ಉಬ್ಬಿ, ಮೂಲೆಗಳು ಬಿರಿಯುವ ಹಾಗೆ ನಿಂತಿದೆ.

"ಇದರ ಮೇಲಿನ ನಂಬರ್ ವಾರ್ಡಿನ ಪಟ್ಟಿಯಲ್ಲಿ ಇಲ್ವಲ್ಲ. ಎಲ್ಲಿದು?"

"ನಮ್ಮನೇದು ಮೇಡಂ."

ಅವರು ಕುರ್ಚಿ ಎಳೆದು ಕೊಟ್ಟರು.

ಮನೆಯ ಕಪಾಟಿನಲ್ಲಿ ಅಕ್ಕಪಕ್ಕ ಇದ್ದ ಒಂಬತ್ತರಲ್ಲಿ ಎರಡು ಉಳಿದಿದ್ದವು. ಉಳಿದ ಎರಡರಲ್ಲಿ ಒಂದು ಇದು. ಕೈಗೆ ಯಾವುದು ಸಿಕ್ಕಿತೋ ಅದನ್ನು ತೆಗೆದು ಕತ್ತರಿಸುತ್ತಿದ್ದೆ. ಆ ಭಾನುವಾರ ಕೈ ಒಂದು ಅಂಗುಲ ಬಲಕ್ಕೆ ಹೋಗಿದ್ದರೆ?

ಮಧ್ಯಾಹ್ನ ಮುಖ್ಯಸ್ಥರು ತಾವೇ ಅಲ್ಲಿಗೆ ಬಂದರು. ಗಾಜಿನ ಹೊರಗಿನಿಂದ ಆ ಪೌಚ್ ನೋಡುತ್ತ ನಿಂತರು. ಪತ್ರ ಕಳಿಸಿದ ಮೇಲೆ ನನ್ನ ಹತ್ತಿರ ಮಾತೇ ಆಡಿರಲಿಲ್ಲ. ಇವತ್ತು, "ನಿಮ್ಮ ತಂದೆ ಹೇಗಿದ್ದಾರೆ?" ಎಂದು ಕೇಳಿದರು. ಪರವಾಗಿಲ್ಲ ಸರ್ ಅಂದೆ. ತಲೆಯಾಡಿಸಿ ಹೋದರು. ಬೆನ್ನು ಬಾಗಿದ ಹಾಗೆ ಕಂಡಿತು.

ಮಾರ್ಚ್ ೧೭, ಸೋಮವಾರ

ಹತ್ತು ದಿನ ಕಳೆದು ಮೇಲೆ ಮೂರು ದಿನ. ವಾರ್ಡಿನಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಪ್ಪ ಮನೆಗೆ ಬಂದಿದ್ದಾನೆ. ಉಬ್ಬಿದ ಪೌಚ್‌ನಲ್ಲಿದ್ದದ್ದು ಆ ವಿಷದ ಜೀವಿಯಲ್ಲ, ಅದರ ದಾಯಾದಿ. "ಆದ್ರೆ ಇದು ಬದುಕಿದ ಕಡೆ ಅದೂ ಬದುಕಬಹುದಿತ್ತು ಕಣೆ" ಎಂದು ಮೇಡಂ ಹೇಳಿದರು. ನಮ್ಮನ್ನು ಉಳಿಸಿದ್ದು ಅದೃಷ್ಟ, ವಿಜ್ಞಾನವಲ್ಲ.

ಸುರಕ್ಷಾ ಸಮಿತಿಯ ಎದುರು ಅರ್ಧ ಗಂಟೆ ನಿಂತೆ. ಯಂತ್ರ ನಿಲ್ಲಿಸಿದ್ದಾರೆ. ನಾನು ಆರು ತಿಂಗಳು ಯಾವ ಬ್ಯಾಚಿಗೂ ಕೈ ಹಾಕುವಂತಿಲ್ಲ, ತರಂಗಣ್ಣನೂ ಅಷ್ಟೇ. ಅವಸರ ಮಾಡಿಸಿದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುಖ್ಯಸ್ಥರು, "ನಾನು" ಅಂದರು.

ಉತ್ತರ ಹೇಳುವಾಗ ನನ್ನ ಧ್ವನಿ ಮೂರು ಸಲ ಒಡೆಯಿತು. ನಾಚಿಕೆಯಾಯಿತು. ಈ ಪುಕ್ಕಲುತನ ಯಾವಾಗ ಹೋಗುತ್ತದೋ.

ಮಾರ್ಚ್ ೧೯, ಬುಧವಾರ

ಬೆಳಿಗ್ಗೆ ತರಂಗಣ್ಣ ವರ್ಕ್‌ಶಾಪಿನಿಂದ ಓಡೋಡಿ ಬಂದರು. ಮೂರನೇ ಆಂಟೆನಾ ಕತ್ತರಿಸಿದ ಅದೇ ಅಚ್ಚಿನಲ್ಲಿ ಇನ್ನೆರಡು ಮಾಡಿದ್ದಾರಂತೆ. ನಮ್ಮ ಡ್ರಾಯಿಂಗ್ ಪಡೆದು ಇಂಥದೇ ಯಂತ್ರ ಕಟ್ಟಿರುವ ಇನ್ನೊಂದು ಸಂಸ್ಥೆಗೆ ಅವು ಹೋಗಿವೆ. ಸಮಿತಿಯ ಕಚೇರಿಯಲ್ಲಿ ಕೇಳಿದರೆ, ಅಧಿಕೃತ ಪತ್ರ ಸಿದ್ಧವಾಗುತ್ತಿದೆ, ಮುಂದಿನ ವಾರ ಹೋಗುತ್ತದೆ ಅಂದರು.

ಆ ಸಂಸ್ಥೆಯ ನಂಬರ್ ಹುಡುಕಿ ಲ್ಯಾಬಿನ ಫೋನಿನಿಂದಲೇ ಮಾಡಿದೆ. ಯಂತ್ರದ ಉಸ್ತುವಾರಿ ನೋಡುವವರು ಎತ್ತಿಕೊಂಡರು.

"ನಿಮ್ಮ ಮುಖ್ಯಸ್ಥರು ಹೇಳಿದ್ರಾ ಫೋನ್ ಮಾಡೋಕೆ?"

"ಇಲ್ಲ ಸರ್. ನಾನೇ ಮಾಡ್ತಿದ್ದೀನಿ."

"ನೋಡಮ್ಮ, ನಮ್ಮ ಪ್ರೋಬ್ ದಿನಾ ನೂರ ಇಪ್ಪತ್ತೊಂದು ತೋರಿಸ್ತಿದೆ. ಒಂದು ದಿನವೂ ತಪ್ಪಿಲ್ಲ."

"ನಮ್ದೂ ತೋರಿಸ್ತಿತ್ತು ಸರ್. ನಡುವೆ ತೋರಿಸತ್ತೆ. ನೀವು ಬಲಗಡೆ ಮೇಲಿನ ಮೂಲೆಗೆ ಚುಚ್ಚಿ ನೋಡಿ. ನಾನು ನೋಡದೆ ಸಹಿ ಹಾಕಿದ್ದೆ."

ಆ ಕಡೆ ಕಾಗದ ಸರಿಸುವ ಸದ್ದು ಕೇಳಿಸಿತು. ಅಷ್ಟರಲ್ಲಿ ಮುಖ್ಯಸ್ಥರು ಬಾಗಿಲಿಗೆ ಬಂದು, ಯಾರ ಫೋನು ಎಂದು ಕೇಳಿದರು. ಇರಿ ಎಂದು ಕೈ ಎತ್ತಿದೆ. ಅವರು ಅಲ್ಲೇ ನಿಂತರು.

"ಯಾವ ಮೂಲೆ ಅಂದ್ರಿ?" ಆ ಕಡೆಯವರ ಧ್ವನಿ ಬದಲಾಗಿತ್ತು.

"ಬಲಗಡೆ, ಮೇಲಿಂದು."

"ಇವತ್ತು ಇನ್ನೂರು ಪೌಚ್ ಮಕ್ಕಳ ಆಸ್ಪತ್ರೆಗೆ ಹೊರಟಿದೆ. ಈಗ, ಈಗಲೇ ಗಾಡಿಗೆ ತುಂಬ್ತಿದ್ರು. ಫೋನ್ ಇಡ್ಬೇಡಿ. ಇಡ್ಬೇಡಿ ನೀವು."

ಕುರ್ಚಿ ಬಿದ್ದ ಸದ್ದು. ಓಡುವ ಹೆಜ್ಜೆ, ಬಾಗಿಲು, ದೂರದಲ್ಲಿ ಯಾರನ್ನೋ ಕೂಗುವುದು. ಆಮೇಲೆ ಏನೂ ಇಲ್ಲ, ಫ್ಯಾನಿನ ಗುಂಯ್ ಎನ್ನುವ ಸದ್ದೊಂದೇ. ಫೋನ್ ಕಿವಿಗೆ ಒತ್ತಿಕೊಂಡು ನಿಂತೆ. ಮುಖ್ಯಸ್ಥರೂ ಅಲುಗಲಿಲ್ಲ, ತರಂಗಣ್ಣನೂ ಅಲುಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ ಹೋಯಿತು.

ಹೆಜ್ಜೆ ಮರಳಿ ಬಂತು. ಏದುಸಿರು.

"ಸಿಕ್ತು. ಗೇಟ್ ದಾಟಿತ್ತು, ತಿರುವಲ್ಲಿ ಅಡ್ಡ ನಿಂತ್ಕೊಂಡೆ." ಅವರು ಉಸಿರು ಎಳೆದುಕೊಂಡರು. "ಈಗ ಹೇಳಮ್ಮ. ಮೊದಲಿಂದ ಹೇಳು, ಬರ್ಕೋತೀನಿ."

ಮೊದಲಿನಿಂದ ಹೇಳಿದೆ.